ಬೆಟ್ಟದ ಸ್ನೋಮೊಬೈಲ್‌ಗೆ ಟರ್ಬೊ ಬೇಕಿತ್ತೇ? ಒಂದು ಪ್ರಕರಣ ಅಧ್ಯಯನ

ಗೆಳೆಯ ತನ್ನ ಸ್ನೋಮೊಬೈಲ್‌ಗೆ, ಅಂದರೆ ಮುಂದೆ ಜಾರುವ ಸ್ಕೀ, ಹಿಂದೆ ಸುತ್ತುವ ರಬ್ಬರ್ ಟ್ರ್ಯಾಕ್ ಇರುವ ಹಿಮದ ಗಾಡಿಗೆ, ಹಾಕಿಸಬೇಕೆಂದು ಕಳಿಸಿದ ಪಟ್ಟಿಯಲ್ಲಿ ಏಳು ಸಾಲುಗಳಿದ್ದವು. ಟರ್ಬೊ ಕಿಟ್, ಕಂಪ್ರೆಷನ್ ಹೆಚ್ಚಿಸುವ ಸಿಲಿಂಡರ್ ಹೆಡ್, ಹೊಸ ಪೈಪು ಮತ್ತು ಸೈಲೆನ್ಸರ್, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಮರುಟ್ಯೂನಿಂಗ್, ಕ್ಲಚ್ ಕಿಟ್, 174 ಇಂಚಿನ ಟ್ರ್ಯಾಕ್, ಕೊನೆಗೆ "ತೂಕ ಇಳಿಸೋ ಸಣ್ಣಪುಟ್ಟ ಸಾಮಾನು". ಕೆಳಗೆ ಬರೆದಿದ್ದ: "ಇದ್ರಲ್ಲಿ ಎಲ್ಲೀವರೆಗೆ ಹೋಗ್ಲಿ, ನೀನೇ ಹೇಳು."

ಮೊದಲೆರಡು ಸಾಲು ಓದುತ್ತಲೇ ನಗು ಬಂತು. ಟರ್ಬೊ ಎಂದರೆ ಗಾಳಿಯನ್ನು ಮೊದಲೇ ಒತ್ತಿ ಎಂಜಿನ್ನಿಗೆ ತುರುಕುವುದು. ಹಾಗೆ ತುರುಕಿದ ಗಾಳಿಯನ್ನು ಸಿಲಿಂಡರಿನೊಳಗೆ ಅತಿಯಾಗಿ ಹಿಂಡಿದರೆ ಪೆಟ್ರೋಲು ತನ್ನಷ್ಟಕ್ಕೆ ಸಿಡಿದು ಪಿಸ್ಟನ್ನಿಗೇ ಏಟು ಬೀಳುತ್ತದೆ. ಅದಕ್ಕೇ ಟರ್ಬೊ ಕೂರಿಸುವವರು ಸಾಮಾನ್ಯವಾಗಿ ಕಂಪ್ರೆಷನ್ ತಗ್ಗಿಸುವ ಹೆಡ್ ಹಾಕುತ್ತಾರೆ. ಇವನು ಏರಿಸುವ ಹೆಡ್ಡನ್ನೂ ಟರ್ಬೊವನ್ನೂ ಒಂದೇ ಉಸಿರಿನಲ್ಲಿ ಕೇಳಿದ್ದ. ಪಟ್ಟಿ ಅವನ ಗಾಡಿ ನೋಡಿ ಮಾಡಿದ್ದಲ್ಲ, ಯಾರ್ಯಾರದೋ ಗಾಡಿಗಳಲ್ಲಿ ಕಂಡದ್ದನ್ನೆಲ್ಲ ಒಂದೆಡೆ ಗುಡ್ಡೆ ಹಾಕಿದ್ದು ಎಂಬುದು ಅಲ್ಲೇ ಗೊತ್ತಾಯಿತು.

ಗಾಡಿಗಳ ಕ್ಲಚ್ಚು, ಗೇರು, ಬೆಲ್ಟುಗಳ ನಡುವೆ ವೃತ್ತಿ ಕಳೆದವನು ನಾನು. ಸ್ನೋಮೊಬೈಲ್ ಓಡಿಸಲು ಕಲಿತದ್ದು ಮಾತ್ರ ತಡವಾಗಿ, ಅದೂ ಇವನ ಹಿಂದೆ ಬಿದ್ದು. ಹಾಗಾಗಿ ಬೆಟ್ಟದ ಮೇಲೆ ಅವನು ಗುರು, ಶೆಡ್ಡಿನೊಳಗೆ ನಾನು. ಮುಂದಿನದು ಆ ಚಳಿಗಾಲದಲ್ಲಿ ನಾವಿಬ್ಬರೂ ಸೇರಿ ಮಾಡಿದ ಲೆಕ್ಕ. ಒಂದೆರಡು ಕಡೆ ನನ್ನ ಲೆಕ್ಕವೂ ತಪ್ಪಿತು, ಅದನ್ನೂ ಬರೆಯುತ್ತೇನೆ.

ಗಾಡಿ, ಸವಾರ, ದಿಣ್ಣೆ

ಬೆಟ್ಟದ ಸ್ನೋಮೊಬೈಲ್ ಸಮತಟ್ಟು ದಾರಿಯ ಸ್ನೋಮೊಬೈಲ್‌ನ ಹಾಗಿರುವುದಿಲ್ಲ. ಟ್ರ್ಯಾಕ್ ಉದ್ದ, ಅದರ ಮೇಲಿನ ರಬ್ಬರ್ ಹಲ್ಲುಗಳು ಎತ್ತರ, ಮುಂದಿನ ಸ್ಕೀಗಳ ನಡುವಿನ ಅಂತರ ಕಡಿಮೆ. ಎದೆಮಟ್ಟದ ಪುಡಿಹಿಮದಲ್ಲಿ ತೇಲಬೇಕು, ಇಳಿಜಾರಿನ ಪಕ್ಕೆಯಲ್ಲಿ ಒಂದು ಬದಿಗೆ ವಾಲಿಕೊಂಡೇ ಸಾಗಬೇಕು. ಇವನದು 850 ಸಿಸಿ ವರ್ಗದ ಎರಡು ಸಿಲಿಂಡರಿನ ಟೂ-ಸ್ಟ್ರೋಕ್. ತಯಾರಕರ ಹೇಳಿಕೆಯಂತೆ 165 ಎಚ್‌ಪಿ. ಟ್ರ್ಯಾಕ್ 165 ಇಂಚು, ಹಲ್ಲು 3 ಇಂಚು. ಮೂರು ಚಳಿಗಾಲ ಕಂಡ ಗಾಡಿ. ಮೊದಲೆರಡು ಚಳಿಗಾಲ ಬೇರೊಬ್ಬರ ಕೈಯಲ್ಲಿತ್ತು, ಇವನು ಕೊಂಡದ್ದು ಸೆಕೆಂಡ್ ಹ್ಯಾಂಡ್. ಈ ಕೊನೆಯ ಸಂಗತಿಯನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ಸವಾರಿ ಉತ್ತರ ಅಮೆರಿಕದ ರಾಕಿ ಪರ್ವತಸಾಲಿನಲ್ಲಿ. ಟ್ರೇಲರಿನಿಂದ ಗಾಡಿ ಇಳಿಸುವ ಜಾಗವೇ 2,300 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಹದ ಮಾಡಿದ ಗಟ್ಟಿ ಹಿಮದ ಹಾದಿಯಲ್ಲಿ ಮೂವತ್ತು ಕಿಲೋಮೀಟರ್ ಹೋದ ಮೇಲೆ 2,700ರಿಂದ 3,100 ಮೀಟರಿನ ತೆರೆದ ಇಳಿಜಾರುಗಳು. ಐದು ಜನರ ಗುಂಪು, ಅದರಲ್ಲಿ ಇಬ್ಬರ ಬಳಿ ಕಾರ್ಖಾನೆಯಿಂದಲೇ ಟರ್ಬೊ ಕೂಡಿಸಿಕೊಂಡು ಬಂದ ಗಾಡಿಗಳು. ಒಂದು ದಿಣ್ಣೆಯ ಮೇಲೆ ಸಿಡಿಲು ಬಡಿದು ಕವಲೊಡೆದ ಪೈನ್ ಮರವಿದೆ. ಟರ್ಬೊದವರು ಅದನ್ನು ದಾಟಿ ಮೇಲೇರುತ್ತಾರೆ. ಇವನು ಅದಕ್ಕೆ ನಲವತ್ತು ಮೀಟರ್ ಕೆಳಗೆ ಉಸಿರುಗಟ್ಟಿ ನಿಲ್ಲುತ್ತಾನೆ. ಪಟ್ಟಿ ಹುಟ್ಟಿದ್ದು ಆ ನಲವತ್ತು ಮೀಟರಿನಿಂದ.

ಇನ್ನೊಂದು ಮಾತನ್ನು ಅವನು ಹೋಗುತ್ತ ಬರುತ್ತ ಹೇಳಿದ. ಆ ಚಳಿಗಾಲದಲ್ಲಿ ಅವನ ಗಾಡಿ, ಎಂಜಿನ್ನಿನ ಶಕ್ತಿಯನ್ನು ಟ್ರ್ಯಾಕಿನ ಕಡೆ ಒಯ್ಯುವ ಬೆಲ್ಟುಗಳಲ್ಲಿ ಮೂರನ್ನು ಹರಿದಿತ್ತು. "ಅದು ಬಿಡು, ಬೆಟ್ಟದಲ್ಲಿ ಬೆಲ್ಟ್ ಹೋಗೋದು ಇದ್ದಿದ್ದೇ" ಅಂದ. ಇದ್ದಿದ್ದೇ ಹೌದು. ಆದರೆ ಒಂದೇ ಚಳಿಗಾಲದಲ್ಲಿ ಮೂರು ಹೋಗುವುದು ಮಾಮೂಲಲ್ಲ.

ಎತ್ತರ ಎಷ್ಟು ಕಿತ್ತುಕೊಳ್ಳುತ್ತದೆ

ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್. 3,000 ಮೀಟರಿಗೆ ಏರಿದರೆ ಅದು 70ಕ್ಕೆ ಇಳಿಯುತ್ತದೆ. ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಪಾಲಿಗಿಂತ ಒಂದು ಕೂದಲು ಕಡಿಮೆ, 74 ಶೇಕಡಾ. ಎಂಜಿನ್ನು ಉಸಿರಾಡುವ ಗಾಳಿ ಎಷ್ಟೋ ಸುಡುವ ಪೆಟ್ರೋಲು ಅಷ್ಟೇ, ಹಾಗಾಗಿ ಸಾವಿರ ಅಡಿಗೆ ಮೂರು ಶೇಕಡಾ ಶಕ್ತಿ ಹೋಯಿತೆಂದು ಸವಾರರು ಬಾಯಿಲೆಕ್ಕ ಹಾಕುತ್ತಾರೆ. ಸಾಂದ್ರತೆಯ ಲೆಕ್ಕಕ್ಕೆ 165 ಎಚ್‌ಪಿಯ ಗಾಡಿ ಪೈನ್ ಮರದ ಬಳಿ 122 ಎಚ್‌ಪಿಯ ಗಾಡಿ. ಕೊರೆವ ಚಳಿ ಸ್ವಲ್ಪ ಕೈಹಿಡಿಯುತ್ತದೆ, ತಣ್ಣನೆಯ ಗಾಳಿ ದಟ್ಟ. ಮೈನಸ್ 20 ಡಿಗ್ರಿಯ ಬೆಳಗ್ಗೆ ಐದಾರು ಶೇಕಡಾ ವಾಪಸ್ ಸಿಗುತ್ತದೆ, ಮಧ್ಯಾಹ್ನದ ಬಿಸಿಲಿಗೆ ಅದೂ ಹೋಗುತ್ತದೆ.

ಕಾರ್ಖಾನೆ ಟರ್ಬೊಗಳು ಬಂದದ್ದು ಈ ನಷ್ಟ ತುಂಬಲೆಂದೇ. 2020ರ ಮಾದರಿಯಲ್ಲಿ ಸ್ಕೀ-ಡೂ ಬ್ರ್ಯಾಂಡ್ ತನ್ನ ಸಮಿಟ್ ಎಂಬ ಟೂ-ಸ್ಟ್ರೋಕ್ ಗಾಡಿಗೆ ಟರ್ಬೊ ಕೂಡಿಸಿದಾಗ, 165 ಎಚ್‌ಪಿಯನ್ನು 8,000 ಅಡಿಯವರೆಗೆ ಕಾಪಾಡುತ್ತದೆ ಎಂದಿತ್ತು. ಅಂದರೆ ಸುಮಾರು 2,440 ಮೀಟರ್. ಪೊಲಾರಿಸ್ ಕಂಪನಿ ಬೂಸ್ಟ್ ಎಂಬ ತನ್ನ ಟರ್ಬೊ ಎಂಜಿನ್ನನ್ನು 2022ರ ಮಾದರಿಗೆ ತಂದಿತು. ಇವೆರಡಕ್ಕೂ ಮೊದಲು ಟೂ-ಸ್ಟ್ರೋಕ್‌ನಲ್ಲಿ ಟರ್ಬೊ ಬೇಕಾದವರು ಹೊರಗಿನ ಕಿಟ್ ತಂದು ಕೂರಿಸಿಕೊಳ್ಳಬೇಕಿತ್ತು. ಈಗಲೂ ಹಾಗೆ ಮಾಡುವವರಿದ್ದಾರೆ, ಕೆಲವರು ಸೊಗಸಾಗಿಯೂ ಮಾಡುತ್ತಾರೆ.

ಇಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ. ಎತ್ತರ 43 ಎಚ್‌ಪಿ ತಿಂದಿತು ಸರಿ, ಉಳಿದ 122 ಟ್ರ್ಯಾಕಿಗೆ ತಲುಪುತ್ತಿದೆಯೇ? ಅದು ತಲುಪದೆ ಮೇಲೆ ಇನ್ನಷ್ಟು ಸುರಿದರೆ ಒಡೆದ ಕೊಡಕ್ಕೆ ನೀರು ತುಂಬಿದಂತೆ.

ಮೊದಲ ಅಳತೆ, ಮೊದಲ ಮೂರ್ಖತನ

ಅಳೆಯುವುದಕ್ಕೆ ಮೂರು ಸಾಧನ ಒಯ್ದೆವು: ಗಾಡಿಯ ಡಯಾಗ್ನಾಸ್ಟಿಕ್ ಪೋರ್ಟಿಗೆ ಸಿಕ್ಕಿಸುವ ಲಾಗರ್, ಇನ್ಫ್ರಾರೆಡ್ ಥರ್ಮಾಮೀಟರ್, ಒಂದು ನೋಟ್‌ಪುಸ್ತಕ. ಅದೇ ದಿಣ್ಣೆ, ಪೂರ್ತಿ ಥ್ರಾಟಲ್, ಮೂರು ಸಲ ಏರುವುದು.

ಮೊದಲ ಸಲ ನಲವತ್ತು ಮೀಟರ್ ಕೆಳಗೆ ನಿಂತ. ಎರಡನೇ ಸಲ ಇಪ್ಪತ್ತೆಂಟು. ಮೂರನೇ ಸಲ ಹದಿನೆಂಟು. ಏನನ್ನೂ ಮುಟ್ಟದೆ ಗಾಡಿ ಸುಧಾರಿಸುತ್ತಿತ್ತು! ಇಬ್ಬರೂ ಒಂದು ಕ್ಷಣ ಕಕ್ಕಾಬಿಕ್ಕಿ. ಆಮೇಲೆ ಹೊಳೆಯಿತು, ಅವನು ತನ್ನದೇ ಹಳೆಯ ಜಾಡಿನಲ್ಲಿ ಏರುತ್ತಿದ್ದ. ಒಮ್ಮೆ ತುಳಿದ ಹಿಮ ಗಟ್ಟಿಯಾಗಿ ಮೆಟ್ಟಿಲಾಗುತ್ತದೆ. ಬಿಡಿಭಾಗ ಹಾಕಿದ ಮೇಲೆ "ಏನ್ ಬದಲಾವಣೆ ಅಂತೀಯಾ" ಎಂದು ಸವಾರರು ಕೊಂಡಾಡುವುದರಲ್ಲಿ ಎಷ್ಟು ಪಾಲು ಆ ಮೆಟ್ಟಿಲಿಗೆ ಸಲ್ಲಬೇಕೋ ಅನ್ನಿಸಿದ್ದು ಆಗಲೇ. ಅಲ್ಲಿಂದ ಮುಂದೆ ಪ್ರತಿ ಓಟಕ್ಕೂ ತುಳಿಯದ ಹೊಸ ಸಾಲು, ಪ್ರತಿ ಓಟಕ್ಕೂ ಮುನ್ನ ಎರಡು ನಿಮಿಷ ಬಿಸಿ ಮಾಡಿದ ಪೈಪು ಎಂದು ನಿಯಮ ಮಾಡಿಕೊಂಡೆವು.

ಪೈಪಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಟೂ-ಸ್ಟ್ರೋಕ್ ಎಂಜಿನ್ನಿನ ಹೊಟ್ಟೆ ಉಬ್ಬಿದ ಪೈಪು ಹೊಗೆ ಹೋಗುವ ದಾರಿಯಷ್ಟೇ ಆಗಿರುವುದಿಲ್ಲ. ಅದರೊಳಗೆ ಒತ್ತಡದ ಅಲೆ ಹೋಗಿ ತಿರುಗಿ ಬಂದು, ಪೋರ್ಟಿನಿಂದ ಹೊರಗೆ ಜಾರುತ್ತಿದ್ದ ಹೊಸ ಮಿಶ್ರಣವನ್ನು ವಾಪಸ್ ಸಿಲಿಂಡರಿಗೆ ದಬ್ಬುತ್ತದೆ. ಅಲೆ ಸರಿಯಾದ ಗಳಿಗೆಗೆ ಮರಳಿದರೆ ಮಾತ್ರ ಲಾಭ. ಆದ್ದರಿಂದ ಟೂ-ಸ್ಟ್ರೋಕ್‌ನ ಪೂರ್ಣಶಕ್ತಿ ಒಂದು ಇಕ್ಕಟ್ಟಾದ ವೇಗದಲ್ಲಷ್ಟೇ ಸಿಗುತ್ತದೆ. ಪೈಪು ಕಾದಷ್ಟೂ ಅದರೊಳಗೆ ಶಬ್ದದ ವೇಗ ಹೆಚ್ಚಿ ಆ ತುದಿಯೂ ಮೇಲಕ್ಕೆ ಸರಿಯುತ್ತದೆ. ಇವನ ಎಂಜಿನ್ನಿಗೆ ಆ ತುದಿ ನಿಮಿಷಕ್ಕೆ 7,900 ಸುತ್ತಿನ ಆಸುಪಾಸು.

ಲಾಗರ್ ತೋರಿಸಿದ್ದು ಬೇರೆಯೇ. ಏರು ಶುರುವಾಗುವಾಗ 7,800. ದಿಣ್ಣೆ ಕಡಿದಾಗುತ್ತಿದ್ದಂತೆ 7,600, ಕೊನೆಗೆ 7,450. ಶಕ್ತಿ ಅತಿ ಹೆಚ್ಚು ಬೇಕಾದ ಕಡೆಯೇ ಎಂಜಿನ್ನು ತನ್ನ ತುದಿಯಿಂದ 450 ಸುತ್ತು ಕೆಳಗೆ ಏದುಸಿರು ಬಿಡುತ್ತಿತ್ತು. ಅಲ್ಲಿ ಹತ್ತು ಶೇಕಡಾ ಶಕ್ತಿ ಹೋದರೂ 122 ಎಚ್‌ಪಿ 110 ಆಯಿತು. ಗಾಡಿ ನಿಲ್ಲಿಸಿ ಹುಡ್ ತೆಗೆದು ಮುಂದಿನ ಕ್ಲಚ್ಚಿಗೆ ಥರ್ಮಾಮೀಟರ್ ಹಿಡಿದೆ. 116 ಡಿಗ್ರಿ.

ಹರಿದ ಮೂರು ಬೆಲ್ಟುಗಳ ಕಾರಣ ಅಲ್ಲೇ ಇತ್ತು. ಜಾರುವ ಬೆಲ್ಟು ಶಕ್ತಿಯನ್ನು ಶಾಖವಾಗಿ ಉಗುಳುತ್ತದೆ. ನೂರ ಹತ್ತು ಎಚ್‌ಪಿಯಲ್ಲಿ ಐದು ಶೇಕಡಾ ಜಾರಿದರೆ ನಾಲ್ಕು ಕಿಲೋವ್ಯಾಟ್, ಹೊಲಿಗೆಯಂಗಡಿಯ ನಾಲ್ಕು ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಆ ರಬ್ಬರಿನ ಮೇಲೆ ಇಟ್ಟಷ್ಟು ಶಾಖ.

ಕ್ಲಚ್ಚಿನೊಳಗೆ ಸಿಕ್ಕಿದ್ದು

ಸ್ನೋಮೊಬೈಲ್‌ನಲ್ಲಿ ಗೇರು ಬದಲಿಸುವ ಕೆಲಸವಿಲ್ಲ. ಕ್ಲಚ್ಚೆಂದರೆ ಎರಡು ರಾಟೆ, ನಡುವೆ ಒಂದು ಬೆಲ್ಟು. ಮುಂದಿನ ರಾಟೆಯೊಳಗೆ ತೂಕದ ತೋಳುಗಳಿವೆ. ಎಂಜಿನ್ನು ಜೋರಾದಷ್ಟೂ ಅವು ಹೊರಕ್ಕೆ ಚಾಚಿ, ಸ್ಪ್ರಿಂಗನ್ನು ಮಣಿಸಿ, ರಾಟೆಯ ಎರಡು ತಟ್ಟೆಗಳನ್ನು ಹತ್ತಿರ ತಂದು ಬೆಲ್ಟನ್ನು ಮೇಲಕ್ಕೆ ಒತ್ತುತ್ತವೆ. ಹಿಂದಿನ ರಾಟೆಯಲ್ಲಿ ಸ್ಪ್ರಿಂಗೂ ಹೆಲಿಕ್ಸ್ ಎಂಬ ಓರೆಗೊರೆದ ಭಾಗವೂ ಇವೆ. ಟ್ರ್ಯಾಕಿನ ಕಡೆಯಿಂದ ಭಾರ ಬಿದ್ದಾಗ ಬೆಲ್ಟನ್ನು ಹಿಡಿದು ಕಡಿಮೆ ಗೇರಿನತ್ತ ಎಳೆಯುವುದು ಅವುಗಳ ಕೆಲಸ. ಈ ಹಗ್ಗಜಗ್ಗಾಟ ಎಂಜಿನ್ನಿನ 7,900 ಸುತ್ತಿನಲ್ಲೇ ಸರಿಸಮನಾಗಬೇಕು. ಕ್ಲಚ್ ಹೊಂದಿಸುವುದೆಂದರೆ ಇಷ್ಟೇ, ಆದರೆ ಈ "ಇಷ್ಟೇ" ಹಿಡಿಯಲು ಜನ ಹಲವು ಚಳಿಗಾಲ ಕಳೆಯುತ್ತಾರೆ.

ತೋಳುಗಳ ತೂಕ ಎತ್ತರಕ್ಕೆ ತಕ್ಕಂತಿರಬೇಕು. ಕೆಳಗಿನ ಊರುಗಳಲ್ಲಿ ಎಂಜಿನ್ನಿಗೆ ಬಲ ಹೆಚ್ಚು, ಅದು ಭಾರದ ತೋಳನ್ನು ತಡೆದುಕೊಂಡೂ ತನ್ನ ವೇಗ ಬಿಡುವುದಿಲ್ಲ. ಮೇಲೆ ಹೋದಂತೆ ಅದೇ ತೋಳು ಬೆಲ್ಟನ್ನು ಅವಸರದಿಂದ ಮೇಲೆ ತಳ್ಳಿಬಿಡುತ್ತದೆ. ಬಡಕಲು ಎತ್ತನ್ನು ಭಾರದ ಗಾಡಿಗೆ ಕಟ್ಟಿದ ಹಾಗೆ ಎಂಜಿನ್ನು ಕುಸಿಯುತ್ತದೆ. ತೋಳು ಬಿಚ್ಚಿ ತಕ್ಕಡಿಗೆ ಹಾಕಿದೆ. ಕೈಪಿಡಿ ಈ ಎತ್ತರಕ್ಕೆ ಹೇಳಿದ್ದಕ್ಕಿಂತ ಪ್ರತಿಯೊಂದೂ ನಾಲ್ಕು ಗ್ರಾಂ ಹೆಚ್ಚು.

"ಮೊದಲ ಓನರ್ ಎಲ್ಲಿ ಓಡಿಸ್ತಿದ್ದ?" ಅಂದೆ.

"ಕೆಳಗಡೆ. ಸಾವಿರದ ಇನ್ನೂರು ಮೀಟರ್ ಇರಬೇಕು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಥೂ" ಅಂದ.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ತೋಳಿನ ಬುಷ್ ಸವೆದು ಅಲ್ಲಾಡುತ್ತಿತ್ತು. ಹಿಂದಿನ ರಾಟೆಯ ತಟ್ಟೆಗಳು ಸುಟ್ಟ ರಬ್ಬರಿನಿಂದ ಗಾಜಿನಂತೆ ಮಿನುಗುತ್ತಿದ್ದವು. ಬೆಲ್ಟಿನ ಸಡಿಲ ಅಳತೆಗಿಂತ ಹೆಚ್ಚಿತ್ತು, ಅಂದರೆ ಹೊರಡುವಾಗಲೇ ಜಾರುತ್ತಿತ್ತು. ಇವನ ಮಟ್ಟಿಗೆ ಗಾಡಿ ಕೊಂಡ ದಿನದಿಂದಲೂ ಹೀಗೇ ಇದ್ದುದರಿಂದ ಅದರ ಗುಣವೇ ಅದು. ಕೆಟ್ಟದ್ದು ನಿಧಾನಕ್ಕೆ ಕೆಟ್ಟರೆ ಕೆಟ್ಟಿದೆ ಅನ್ನಿಸುವುದೇ ಇಲ್ಲ.

ಬುಷ್‌ಗಳನ್ನು ಬದಲಿಸಿದೆವು, ತೋಳಿನ ತೂಕ ಇಳಿಸಿದೆವು, ತಟ್ಟೆಗಳನ್ನು ಉಜ್ಜಿ ಸೋಪುನೀರಿನಲ್ಲಿ ತೊಳೆದೆವು. ಹೊಸ ಬೆಲ್ಟು ಹಾಕಿ ಸಡಿಲವನ್ನು ಅಳತೆಗೆ ತಂದೆವು. ಒಂದು ಶನಿವಾರದ ಕೆಲಸ. ಮರುವಾರ ಅದೇ ದಿಣ್ಣೆ, ಹೊಸ ಸಾಲು, ಮೈನಸ್ 11 ಡಿಗ್ರಿ: 7,850ರಿಂದ 7,900, ಕೊನೆಯವರೆಗೂ ಕದಲದೆ. ಕ್ಲಚ್ಚು 84 ಡಿಗ್ರಿ. ಪೈನ್ ಮರಕ್ಕೆ ಹದಿನಾರು ಮೀಟರ್ ಬಾಕಿ.

ಹಿಮ ದಿನದಿಂದ ದಿನಕ್ಕೆ ಬೇರೆ, ಆ ಇಪ್ಪತ್ತನಾಲ್ಕು ಮೀಟರಿನಷ್ಟನ್ನೂ ಕ್ಲಚ್ಚಿನ ಖಾತೆಗೆ ಬರೆಯಲಾರೆ. ಸುತ್ತಿನ ಎಣಿಕೆಗೂ ಶಾಖಕ್ಕೂ ಮಾತ್ರ ಹಿಮದ ಹಂಗು ಕಡಿಮೆ, ಆ ಎರಡು ಅಂಕಿಗಳನ್ನು ನಂಬುತ್ತೇನೆ.

ಪಟ್ಟಿಯ ಉಳಿದ ಸಾಲುಗಳು

ತೂಕ ಇಳಿಸುವ ಸಾಮಾನುಗಳನ್ನು ಬೇಗ ಮುಗಿಸಿಬಿಡೋಣ. ಗಾಡಿ 205 ಕೆಜಿ, ಪೆಟ್ರೋಲು 28, ಬ್ಯಾಗು ಹೊತ್ತ ಸವಾರ 110, ಮೆಟ್ಟುಹಲಗೆ ಮತ್ತು ಟನಲ್‌ಗೆ (ಟ್ರ್ಯಾಕಿನ ಮೇಲಿನ ಲೋಹದ ಹೊದಿಕೆಗೆ) ಅಂಟಿಕೊಳ್ಳುವ ಹಿಮ ಹತ್ತು. ಒಟ್ಟು 353. ದುಬಾರಿ ಲೋಹದ ಬಿಡಿಭಾಗಗಳಿಂದ ಐದು ಕೆಜಿ ಇಳಿಸಿದರೆ ಸಿಗುವುದು ಒಂದೂವರೆ ಶೇಕಡಾ, ಹೆಚ್ಚೆಂದರೆ ಎರಡು ಎಚ್‌ಪಿಗೆ ಸಮ. ಹೊರಡುವ ಮುಂಚೆ ಮೆಟ್ಟುಹಲಗೆಯ ಮಂಜುಗಡ್ಡೆ ಕೆರೆದರೆ ಅದರ ದುಪ್ಪಟ್ಟು ಇಳಿಯುತ್ತದೆ. ಗಾಡಿ ಹೂತಾಗ ಎತ್ತಲು ಹಗುರವಿದ್ದರೆ ಒಳ್ಳೆಯದು ನಿಜ, ಮೂಳೆ ಸವೆದ ನನ್ನಂಥವರಿಗೆ ಆ ಐದು ಕೆಜಿಯೂ ಗೊತ್ತಾಗುತ್ತದೆ. ವೇಗಕ್ಕೆ ಅಂತ ಖರ್ಚು ಮಾಡುವುದು ವ್ಯರ್ಥ.

174 ಇಂಚಿನ ಟ್ರ್ಯಾಕ್ ಒಂಬತ್ತು ಇಂಚು ಉದ್ದ. ಆದರೆ ಟ್ರ್ಯಾಕ್ ಸುತ್ತುಬಳೆ, ಹಿಮಕ್ಕೆ ತಾಗುವ ಭಾಗದಲ್ಲಿ ಹೆಚ್ಚುವುದು ನಾಲ್ಕೂವರೆ ಇಂಚು. ತೇಲುವುದು ಸ್ವಲ್ಪ ಸುಧಾರಿಸುತ್ತದೆ, ಮರಗಳ ನಡುವೆ ತಿರುಗಿಸುವುದು ಅಷ್ಟೇ ಕಷ್ಟವಾಗುತ್ತದೆ, ಟ್ರ್ಯಾಕನ್ನು ಒಳಗಿಂದ ಹಿಡಿದಿಡುವ ರೈಲುಪಟ್ಟಿಗಳನ್ನೂ ಉದ್ದ ಮಾಡಬೇಕು. ಕೈಬಿಟ್ಟೆವು.

ಹೈ-ಕಂಪ್ರೆಷನ್ ಹೆಡ್ ವಾದಕ್ಕೆ ಎಡೆಮಾಡುವ ವಸ್ತು. ತೆಳು ಗಾಳಿಯ ಎಂಜಿನ್ನಿಗೆ ಹೆಚ್ಚು ಹಿಂಡುವಿಕೆ ಒಗ್ಗುತ್ತದೆ, ಮೇಲೆಯೇ ಓಡಿಸುವವರಿಗೆ ಲಾಭವಿದೆ. ಆದರೆ ಇವನು ವರ್ಷಕ್ಕೊಮ್ಮೆ ಹೆಂಡತಿಯ ತವರಿನ ಕಡೆ, ಬಹಳ ಕೆಳಗಿನ ಕಾಡಿನಲ್ಲಿ ಓಡಿಸುತ್ತಾನೆ. ಅಲ್ಲಿ ಸಾಮಾನ್ಯ ಬಂಕಿನ ಪೆಟ್ರೋಲು ಹಾಕಿದರೆ ಪಿಸ್ಟನ್ನಿಗೆ ಕುತ್ತು. ಒಂದು ಎತ್ತರಕ್ಕೆ ಹೊಂದಿಸಿದ ಗಾಡಿಯನ್ನು ಇನ್ನೊಂದು ಎತ್ತರಕ್ಕೆ ಒಯ್ದರೆ ಏನಾಗುತ್ತದೆಂದು ಅಷ್ಟು ಹೊತ್ತಿಗೆ ಅವನಿಗೇ ಮನವರಿಕೆಯಾಗಿತ್ತು.

ಸೈಲೆನ್ಸರ್ ಬಗ್ಗೆ ನಾನು ಹಟ ಹಿಡಿದೆ. ಕಾರ್ಖಾನೆಯ ಗಾಡಿ ಪೂರ್ತಿ ಥ್ರಾಟಲ್‌ನಲ್ಲಿ 50 ಅಡಿ ದೂರಕ್ಕೆ 78 ಡೆಸಿಬೆಲ್ ಮೀರಬಾರದು ಎಂಬುದು ಉತ್ತರ ಅಮೆರಿಕದ ಉದ್ಯಮ 1970ರ ದಶಕದಿಂದ ಪಾಲಿಸಿಕೊಂಡು ಬಂದ ಮಿತಿ. ಹಗುರ ಡಬ್ಬಿ ಹಾಕಿದರೆ ಅದು ಮೀರುವುದು ಸುಲಭ. ಸಿಗುವ ಶಕ್ತಿ ಅಲ್ಪ, ಹೋಗುವುದು ಸುತ್ತಲಿನವರ ಸಹನೆ. ಹಾದಿಗಳು ಮುಚ್ಚುವುದಕ್ಕೆ ಮೊದಲ ದೂರು ಸಾಮಾನ್ಯವಾಗಿ ಶಬ್ದದ್ದೇ. ಅವನು "ಸೌಂಡ್ ಚೆನ್ನಾಗಿರುತ್ತೆ ಕಣೋ" ಅಂದ. ಚೆನ್ನಾಗಿರುತ್ತದೆ, ಒಪ್ಪುತ್ತೇನೆ, ಮೊದಲ ಹತ್ತು ನಿಮಿಷ.

ಪಟ್ಟಿಯಲ್ಲಿಲ್ಲದ ಎರಡು ಕೆಲಸ ಮಾಡಿದೆವು. ಇಂಥ ಸ್ನೋಮೊಬೈಲ್‌ಗೆ ಸಾಮಾನ್ಯವಾಗಿ ಕಾರಿನಂಥ ರೇಡಿಯೇಟರ್ ಇರುವುದಿಲ್ಲ. ಟನಲ್ಲಿನ ಅಡಿ ಶೀತಕದ ಕೊಳವೆಗಳಿವೆ, ಟ್ರ್ಯಾಕ್ ಎರಚುವ ಹಿಮವೇ ಅವನ್ನು ತಣಿಸಬೇಕು. ಗಟ್ಟಿ ಹಾದಿಯಲ್ಲಿ ಹಿಮ ಏಳುವುದಿಲ್ಲ. ಅದಕ್ಕೇ ಸ್ಕ್ರ್ಯಾಚರ್ ಎಂಬ ಕಡ್ಡಿಗಳು ಮಂಜನ್ನು ಗೀಚಿ ಪುಡಿ ಎಬ್ಬಿಸುತ್ತವೆ. ಹಿಂದಕ್ಕೆ ತೆಗೆಯುವಾಗ ಮುರಿಯುತ್ತವೆಂದು ಇವನು ಅವನ್ನು ಎತ್ತಿ ಕಟ್ಟಿದ್ದವನು ಇಳಿಸಲು ಮರೆತಿದ್ದ. ಮೂವತ್ತು ಕಿಲೋಮೀಟರ್ ಕಾದ ಎಂಜಿನ್ನು ದಿಣ್ಣೆಯ ಬುಡಕ್ಕೆ ಬರುವಾಗಲೇ ಬಳಲಿರುತ್ತಿತ್ತು. ಇಳಿಸಿದೆವು, ಅಷ್ಟೇ.

ಎರಡನೆಯದು ಸಸ್ಪೆನ್ಷನ್, ನಾನು ಎಡವಿದ್ದು ಇಲ್ಲೇ. ಏರುವಾಗ ಗಾಡಿ ಮೂತಿ ಎತ್ತಿ, ಹಿಂಬದಿ ಹಿಮವನ್ನು ತೋಡಿ ಗುಂಡಿ ಮಾಡುತ್ತಿತ್ತು. ಮುಂಭಾಗವನ್ನು ಹಿಡಿದಿಡುವ ಲಿಮಿಟರ್ ಪಟ್ಟಿಯನ್ನು ಎರಡು ರಂಧ್ರ ಬಿಗಿ ಮಾಡಿಸಿದೆ. ಮೂತಿ ಏಳುವುದು ನಿಂತಿತು. ಅದರ ಜೊತೆಗೆ ಸ್ಕೀಗಳು ಪುಡಿಹಿಮದಲ್ಲಿ ಮುಳುಗತೊಡಗಿದವು, ಪಕ್ಕೆಯಲ್ಲಿ ವಾಲಿಸಲು ಮೈಯೆಲ್ಲ ಬಳಸಬೇಕಾಯಿತು. ಅವನು ಅರ್ಧ ದಿನ ಸಹಿಸಿ, ಊಟಕ್ಕೆ ನಿಂತಾಗ ಸ್ಪ್ಯಾನರ್ ನನ್ನ ಕೈಗಿಟ್ಟ. ಒಂದು ರಂಧ್ರ ಸಡಿಲಿಸಿದೆವು. ಈಗಲೂ ಅಲ್ಲೇ ಇದೆ.

ಇನ್ನು ಟರ್ಬೊ

ಇಷ್ಟಾದ ಮೇಲೂ ಪೈನ್ ಮರದ ಬಳಿ ಬಂದು ನಿಲ್ಲುತ್ತಿದ್ದ, ದಾಟುತ್ತಿರಲಿಲ್ಲ. ಪ್ರಶ್ನೆ ಚಿಕ್ಕದಾಗಿತ್ತು, ಮುಗಿದಿರಲಿಲ್ಲ.

ಲೆಕ್ಕದಲ್ಲಿ ಟರ್ಬೊ ಅಂಥ ರಾಕ್ಷಸನೇನಲ್ಲ. 70 ಕಿಲೋಪ್ಯಾಸ್ಕಲನ್ನು 101ಕ್ಕೆ ಏರಿಸಲು 31 ಬೇಕು, ಸುಮಾರು ನಾಲ್ಕೂವರೆ ಪಿಎಸ್ಐ (ಚದರ ಇಂಚಿಗೆ ಪೌಂಡ್ ಲೆಕ್ಕದ ಒತ್ತಡ). ಅಷ್ಟಕ್ಕೇ ನಿಂತರೆ ಎಂಜಿನ್ನು ಕಾಣುವುದು ಹೆಚ್ಚುಕಡಿಮೆ ಸಮುದ್ರಮಟ್ಟದ ಗಾಳಿಯನ್ನೇ, ಒಂದಿಷ್ಟು ಬಿಸಿಯಾಗಿ. ನಾನು ಅಂಜಿದ್ದು ಆ ನಾಲ್ಕೂವರೆಗಲ್ಲ. ಕಿಟ್‌ಗೆ ಒಂದು ನಿಯಂತ್ರಕ ಬರುತ್ತದೆ, ಅದರಲ್ಲಿ ಎಂಟೂ ಇರುತ್ತದೆ, ಹತ್ತೂ ಇರುತ್ತದೆ. ಟರ್ಬೊ ಹಾಕಿಸಿ ನಾಲ್ಕೂವರೆಗೇ ಕೈಕಟ್ಟಿ ಕೂತ ಸವಾರನನ್ನು ನಾನು ಕಂಡಿಲ್ಲ.

ಆ ಮೇಲಿನದಕ್ಕೆ ಹೋದರೆ ಕೊಂಡಿ ಕೊಂಡಿಯಾಗಿ ಎಲ್ಲವೂ ಕದಲುತ್ತವೆ. ಪೆಟ್ರೋಲಿಗೆ ಹೆಚ್ಚು ಆಕ್ಟೇನ್, ಅಂದರೆ ತನ್ನಷ್ಟಕ್ಕೆ ಸಿಡಿಯದ ಗುಣ, ಬೇಕು. ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರುಗಳು ಸಾಲಬೇಕು. ಮಿಶ್ರಣದಲ್ಲಿ ಪೆಟ್ರೋಲು ಒಂದು ಚೂರು ಕಡಿಮೆಯಾದರೂ ಪಿಸ್ಟನ್ ಕರಗುವುದಕ್ಕೆ ಹೆಚ್ಚು ಹೊತ್ತು ಬೇಡ. ಕ್ಲಚ್ಚಿನ ತೂಕ ಮತ್ತೆ ಬೇರೆ, ಈ ಸಲ ಭಾರದತ್ತ. ಬೆಲ್ಟು, ಚೈನು, ಟ್ರ್ಯಾಕ್ ತಿರುಗಿಸುವ ಡ್ರೈವರ್‌ಗಳು ಎಲ್ಲಕ್ಕೂ ಹೆಚ್ಚು ಭಾರ. ಟ್ಯಾಂಕು ಬೇಗ ಬರಿದಾಗುತ್ತದೆ. ಕಾರ್ಖಾನೆಯ ಟರ್ಬೊದಲ್ಲಿ ಇದನ್ನೆಲ್ಲ ಒಂದೇ ತಂಡ ಕೂಡಿಸಿ, ವಾಯುಭಾರ ನೋಡಿ ಬೂಸ್ಟ್, ಅಂದರೆ ಟರ್ಬೊ ಕೂಡಿಸುವ ಒತ್ತಡ, ತಾನೇ ಬದಲಾಗುವಂತೆ ಮಾಡಿದೆ. ಕಿಟ್‌ನಲ್ಲಿ ಆ ತಂಡ ನೀವೇ, ಅದೂ ಶೆಡ್ಡಿನಿಂದ ಮೂವತ್ತು ಕಿಲೋಮೀಟರ್ ಆಚೆ. ಸೊಂಟದವರೆಗಿನ ಹಿಮದಲ್ಲಿ ನಡೆದು ವಾಪಸ್ ಬಂದವರಿಗೆ ಮೂವತ್ತು ಕಿಲೋಮೀಟರ್ ಎಂದರೇನೆಂದು ಗೊತ್ತು.

ಹಾಗೆಂದು ಕಿಟ್ ತಪ್ಪು ಅನ್ನಲಾರೆ. ವಾರ ವಾರ 3,000 ಮೀಟರಿನ ಮೇಲೆಯೇ ಓಡಿಸುವವನು, ಮೈಭಾರದವನು, ತಾನೇ ಪಿಸ್ಟನ್ ಬಿಚ್ಚಿ ನೋಡಬಲ್ಲವನು, ಗೇಜಿನ ಮೇಲೆ ಕಣ್ಣಿಡುವ ಸ್ವಭಾವದವನು ಹಾಕಿಸಿಕೊಳ್ಳಲಿ. ನನ್ನ ಗೆಳೆಯ ಇವುಗಳಲ್ಲಿ ಮೊದಲ ಎರಡೂ ಅಲ್ಲ, ಕೊನೆಯದಂತೂ ಖಂಡಿತ ಅಲ್ಲ. ಸ್ಕ್ರ್ಯಾಚರ್ ಇಳಿಸಲು ಮರೆತವನು ಅವನು.

ಲಾಗರ್‌ನಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಮೂರು ದಿನದ ಸವಾರಿಯಲ್ಲಿ ಎಂಜಿನ್ನು ಓಡಿದ್ದು ಹನ್ನೊಂದು ಗಂಟೆ. ಅದರಲ್ಲಿ ಥ್ರಾಟಲ್ 90 ಶೇಕಡಾ ದಾಟಿದ್ದು ಒಟ್ಟು 23 ನಿಮಿಷ. ಒಂದೇ ಪಟ್ಟಿನಲ್ಲಿ ಅತಿ ಉದ್ದದ್ದು 14 ಸೆಕೆಂಡು. ಉಳಿದದ್ದೆಲ್ಲ ಅರ್ಧ ಥ್ರಾಟಲ್, ಮರಗಳ ನಡುವೆ, ಹಳ್ಳದ ಪಕ್ಕೆಯಲ್ಲಿ. ಅಲ್ಲಿ ಬೇಕಾದದ್ದು ಹೆಬ್ಬೆರಳು ಕೇಳಿದಷ್ಟನ್ನೇ ಕೊಡುವ ಎಂಜಿನ್ನು. ಅವನು ಈ ಅಂಕಿ ನೋಡಿ "ಆ 23 ನಿಮಿಷಕ್ಕೇ ಅಲ್ವೇನೋ ನಾನು ಬರೋದು" ಅಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಮರದಾಚೆಗಿನ ಇಳಿಜಾರು

ವಾದ ತಿರುಗಿದ್ದು ಬೇರೆ ಕಡೆಯಿಂದ. ಪೈನ್ ಮರದ ಕೆಳಗೆ ನಿಂತು ಇಳಿಜಾರಿನ ಕೋನ ಅಳೆದೆ. ಮರದವರೆಗೆ 27, 28 ಡಿಗ್ರಿ. ಮರ ದಾಟಿದೊಡನೆ 37. ಮೇಲೆ ದಿಬ್ಬದಂಚಿನಲ್ಲಿ ಗಾಳಿ ತಂದು ಸುರಿದ ಹಿಮ ಚಾವಣಿಯಂತೆ ಹೊರಚಾಚಿತ್ತು. ಹಿಮಕುಸಿತಗಳಲ್ಲಿ ಹೆಚ್ಚಿನವು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲೇ ಹೊರಡುತ್ತವೆ. ಸಾವು ತಂದ ಹತ್ತು ಕುಸಿತಗಳಲ್ಲಿ ಒಂಬತ್ತನ್ನು ಎಬ್ಬಿಸಿದ್ದು ಸಿಕ್ಕಿಬಿದ್ದವರೇ ಅಥವಾ ಅವರ ಜೊತೆಗಾರರು ಎಂಬುದು ಈ ಬೆಟ್ಟಗಳಲ್ಲಿ ಎಲ್ಲ ತರಬೇತಿಯಲ್ಲೂ ಹೇಳುವ ಮಾತು.

ಟರ್ಬೊ ಮರಳಿ ಕೊಡುವ ನಲವತ್ತು ಎಚ್‌ಪಿ ಇವನನ್ನು ಒಯ್ಯಬಹುದಾದ ಜಾಗ ಅದು. ಶಕ್ತಿ ಸಾಲದ ಗಾಡಿ ಇಷ್ಟು ದಿನ ಅವನನ್ನು ತಿಳಿಯದೆ ಕಾಯುತ್ತಿತ್ತು. ಟರ್ಬೊದವರು ದಾಟುತ್ತಿರಲಿಲ್ಲವೇ ಎಂದರೆ, ದಾಟುತ್ತಿದ್ದರು, ನಾವು ಕೆಳಗೆ ನಿಂತು ನೋಡುತ್ತಿದ್ದೆವು, ಒಬ್ಬರ ಹಿಂದೆ ಒಬ್ಬರು ಅದೇ ಇಳಿಜಾರಿಗೆ. ಆ ಸಂಜೆ ಗುಂಪಿನಲ್ಲಿ ಮಾತಾಯಿತು. ಒಬ್ಬನು ಮೇಲಿರುವಾಗ ಉಳಿದವರು ಇಳಿಜಾರಿನ ಹಾದಿಗೆ ಅಡ್ಡವಾಗಿ ನಿಲ್ಲಬಾರದು, ಮೇಲೆ ಸಿಕ್ಕಿಕೊಂಡವನನ್ನು ಎತ್ತಲು ಎರಡನೆಯವನು ಓಡಿಹೋಗಬಾರದು, ಹಿಮದಡಿ ಹೂತವರನ್ನು ಪತ್ತೆಹಚ್ಚುವ ಬೀಕನ್ ಎಲ್ಲರ ಮೈಮೇಲೂ, ಸಲಿಕೆ, ಶೋಧನೆಯ ಕೋಲು ಎಲ್ಲರ ಬೆನ್ನಲ್ಲೂ ಇರಬೇಕು, ಬೆಳಗ್ಗೆ ಕುಸಿತದ ಮುನ್ಸೂಚನೆ ಓದದೆ ಟ್ರೇಲರ್ ಬಿಚ್ಚಬಾರದು. ಟರ್ಬೊದವರಲ್ಲಿ ಒಬ್ಬ ಮುನಿಸಿಕೊಂಡ. ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರ ಬಂದ.

ಗೆಳೆಯ ಆ ಚಳಿಗಾಲಕ್ಕೆ ಕಿಟ್ ಕೈಬಿಟ್ಟ. ಕ್ಲಚ್ಚು, ಬೆಲ್ಟು, ಸ್ಕ್ರ್ಯಾಚರ್, ಒಂದು ರಂಧ್ರದ ಲಿಮಿಟರ್ ಪಟ್ಟಿ. ಏಳು ಸಾಲಿನಲ್ಲಿ ಒಂದು ಅರ್ಧ ಸಾಲು, ಮೇಲೆ ಪಟ್ಟಿಯಲ್ಲೇ ಇಲ್ಲದ ಮೂರು. ಮುಂದಿನ ಹನ್ನೆರಡು ಸವಾರಿಗಳಲ್ಲಿ ಒಂದೇ ಒಂದು ಬೆಲ್ಟು ಹೋಯಿತು, ಅದೂ ಬಂಡೆಗೆ ತಾಗಿ ಟ್ರ್ಯಾಕ್ ಹಿಡಿದುಕೊಂಡಾಗ. ಹುಡ್ಡಿನ ಒಳಬದಿಗೆ ಅವನು ಒಂದು ಚೀಟಿ ಅಂಟಿಸಿದ್ದಾನೆ: ಎತ್ತರ, ಚಳಿ, ತೋಳಿನ ತೂಕ, ಸುತ್ತು, ಕ್ಲಚ್ಚಿನ ಶಾಖ. ಹೆಂಡತಿಯ ತವರಿಗೆ ಹೋಗುವ ಮುನ್ನ ಭಾರದ ತೋಳು ಹಾಕಿಕೊಳ್ಳಬೇಕೆಂದು ಕೆಂಪು ಶಾಯಿಯಲ್ಲಿದೆ.

ಮೊನ್ನೆ ಫೋನ್ ಮಾಡಿದ್ದ. ಈ ಗಾಡಿ ಮಾರಿ ಕಾರ್ಖಾನೆ ಟರ್ಬೊ ತಗೊಳ್ಳೋಣ ಅಂತಿದ್ದಾನೆ, ಸೆಕೆಂಡ್ ಹ್ಯಾಂಡ್ ಒಂದು ನೋಡಿದ್ದಾನಂತೆ, ಒಳ್ಳೆ ಸ್ಥಿತಿಯಲ್ಲಿದೆಯಂತೆ.

"ಎಷ್ಟು ಎತ್ತರದಲ್ಲಿ ಓಡಿಸ್ತಿದ್ರಂತೆ?" ಅಂದೆ.

"ಕೇಳಿದೆ ಮಾರಾಯ, ಅದನ್ನೇ ಮೊದಲು ಕೇಳಿದ್ದು."